ನುಂಗುವುದೋ, ಉಗುಳುವುದೋ? – ಕಡಲ ಮೊಲದ ನರಕೋಶಗಳ ಕಥೆ

ಊಟ ಮಾಡುತ್ತಿರುವಾಗ ಅನ್ನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕಿತೆಂದು ಭಾವಿಸೋಣ. ಒಡನೆಯೇ ನಮ್ಮ ದವಡೆ ನಿಲ್ಲುತ್ತದೆ. ನಾಲಗೆಯು ಆ ಕಲ್ಲನ್ನು ಹುಡುಕಿ ತುಟಿಯವರೆಗೆ ತಳ್ಳುತ್ತದೆ. ಕ್ಷಣಕಾಲದ ಹಿಂದೆ ತುತ್ತನ್ನು ಗಂಟಲಿನ ಕಡೆಗೆ ಸಾಗಿಸುತ್ತಿದ್ದುದೂ ಅದೇ ನಾಲಗೆಯೇ. ಅಂಗವೂ ಅದೇ, ಸ್ನಾಯುಗಳೂ ಅವೇ. ಕೆಲಸ ಮಾತ್ರ ತಿರುವುಮುರುವು. ಈ ಬದಲಾವಣೆಗೆ ಅಪ್ಪಣೆ ಕೊಟ್ಟವರಾರು? ಮೆದುಳು ಎಂದು ಹೇಳಿ ಸುಮ್ಮನಾಗುವುದು ಸುಲಭ. ಆದರೆ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅಷ್ಟು ದೊಡ್ಡ ಸಂತೆಯಲ್ಲಿ ಅಪ್ಪಣೆ ಕೊಟ್ಟ ಕೋಶಗಳನ್ನು ಹುಡುಕುವುದೆಂತು?

ವಿಜ್ಞಾನಿಗಳು ಇದೇ ಪ್ರಶ್ನೆಯನ್ನು ಸರಳವಾದ ಒಂದು ಪ್ರಾಣಿಯ ಮುಂದಿಟ್ಟರು. ಅಮೆರಿಕದ ಕ್ಯಾಲಿಫೋರ್ನಿಯ ತೀರದ ಕಡಲಿನಲ್ಲಿ ಏಪ್ಲೀಸಿಯ ಎಂಬ ಜೀವಿಯೊಂದು ವಾಸಿಸುತ್ತದೆ. ಇದು ಬಸವನಹುಳುವಿನ ಬಂಧು; ಆದರೆ ಬೆನ್ನ ಮೇಲೆ ಚಿಪ್ಪಿನ ಮನೆಯನ್ನು ಹೊತ್ತು ತಿರುಗುವುದಿಲ್ಲ. ತಲೆಯ ಮೇಲೆ ಮೊಲದ ಕಿವಿಗಳಂತೆ ಎರಡು ಕುಡಿಗಳು ಎದ್ದು ನಿಂತಿರುವುದರಿಂದ ಇದಕ್ಕೆ ಕಡಲ ಮೊಲವೆಂದು ಹೆಸರು. ಕಡಲಕಳೆಯೇ ಇದರ ಆಹಾರ.

ಕಡಲ ಮೊಲದ ದೇಹದಲ್ಲಿರುವ ನರಕೋಶಗಳು ಸುಮಾರು 20,000 ಮಾತ್ರ. ಅವು ಕೆಲವು ನರಗಂಟುಗಳಲ್ಲಿ ಗುಂಪುಗೂಡಿವೆ. ಕೆಲವು ಕೋಶಗಳ ಅಡ್ಡಳತೆ ಒಂದು ಮಿಲಿಮೀಟರಿನವರೆಗೂ ಇರುವುದರಿಂದ ಅವನ್ನು ಬರಿಗಣ್ಣಿನಿಂದಲೇ ಕಾಣಬಹುದು. ಅದಕ್ಕಿಂತ ಹೆಚ್ಚಿನ ಅನುಕೂಲ ಇನ್ನೊಂದಿದೆ. ಒಂದು ಪ್ರಾಣಿಯಲ್ಲಿ ಗುರುತಿಸಿದ ದೊಡ್ಡ ಕೋಶವು ಮತ್ತೊಂದು ಪ್ರಾಣಿಯಲ್ಲಿಯೂ ಹೆಚ್ಚುಕಡಮೆ ಅದೇ ಸ್ಥಳದಲ್ಲಿ ದೊರೆಯುತ್ತದೆ. ಆದುದರಿಂದ ಮನೆಗಳಿಗೆ ಸಂಖ್ಯೆ ಕೊಡುವಂತೆ ಈ ಕೋಶಗಳಿಗೂ ಸಂಖ್ಯೆ ಕೊಡಲು ಸಾಧ್ಯವಾಯಿತು. ಈ ಪ್ರಾಣಿಯಲ್ಲಿ ನೆನಪಿನ ಬಗೆಯನ್ನು ಶೋಧಿಸಿದ ಎರಿಕ್ ಕ್ಯಾಂಡೆಲ್ ಅವರು 2000ದ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು.

ಇನ್ನು ಇದರ ಬಾಯಿಯೊಳಗೆ ಇಣಿಕಿ ನೋಡೋಣ. ಅಲ್ಲಿ ಅರದಂತೆ ಸಾಲುಸಾಲಾಗಿ ಹಲ್ಲುಗಳುಳ್ಳ ಮೃದುವಾದ ಒಂದು ಹಿಡಿಕೆಯಿದೆ. ಅದನ್ನು ಅಡಿಗೆಮನೆಯ ಇಕ್ಕಳಕ್ಕೆ ಹೋಲಿಸಬಹುದು. ತಿನ್ನುವಾಗ ಇಕ್ಕಳ ಬಾಯ್ದೆರೆದು ಮುಂದೆ ಚಾಚುತ್ತದೆ. ಕಡಲಕಳೆಯನ್ನು ಕಚ್ಚಿ ಮುಚ್ಚಿಕೊಂಡು ಹಿಂದೆ ಸರಿಯುತ್ತದೆ. ಬೇಡದ ವಸ್ತುವನ್ನು ಹೊರಹಾಕುವಾಗ ಮುಚ್ಚಿಕೊಂಡೇ ಮುಂದೆ ಬರುತ್ತದೆ. ಅಲ್ಲಿ ವಸ್ತುವನ್ನು ಬಿಟ್ಟು, ತೆರೆದುಕೊಂಡೇ ಹಿಂದಿರುಗುತ್ತದೆ. ಮುಂದೆ ಹೋಗಿ ಹಿಂದೆ ಬರುವ ಚಲನೆ ಎರಡರಲ್ಲಿಯೂ ಉಂಟು. ಮುಚ್ಚಿಕೊಳ್ಳುವ ಸಮಯದಲ್ಲಿ ಮಾತ್ರ ವ್ಯತ್ಯಾಸ.

ಆ ಸಮಯವನ್ನು ನಿರ್ಣಯಿಸುವವು ಬಾಯಿಯ ಬಳಿಯ ನರಗಂಟುಗಳು. ಅಲ್ಲಿಯ ಬಿ-8 ಎಂಬ ಕೋಶಗಳು ವಿದ್ಯುತ್ ಸ್ಪಂದನಗಳನ್ನು ಕಳುಹಿಸಿದಾಗ ಇಕ್ಕಳ ಮುಚ್ಚುತ್ತದೆ. ಹಿಡಿಕೆ ಹಿಂದೆ ಸರಿಯುವಾಗ ಅವು ಮಿಡಿದರೆ ಆಹಾರ ಒಳಹೋಗುತ್ತದೆ. ಮುಂದೆ ಚಾಚುವಾಗ ಮಿಡಿದರೆ ವಸ್ತು ಹೊರಬೀಳುತ್ತದೆ. ಈ ನರಗಂಟುಗಳನ್ನು ದೇಹದಿಂದ ಬಿಡಿಸಿ ಉಪ್ಪುನೀರಿನ ತಟ್ಟೆಯಲ್ಲಿಟ್ಟರೂ ಅವು ತಿನ್ನುವ ತಾಳವನ್ನು ಹಾಕುತ್ತಲೇ ಇರುತ್ತವೆ. ಬಾಯಿಯಿಲ್ಲ, ಆಹಾರವಿಲ್ಲ, ಆದರೂ ಊಟದ ಆಜ್ಞೆಗಳು ಹೊರಡುತ್ತಿವೆ! ಇದು ಸೋಜಿಗವಲ್ಲವೇ?

ಹಾಗಾದರೆ ಈ ಪ್ರಾಣಿ ಬರಿಯ ಯಂತ್ರವೇ? ಹಾಗೆನ್ನಲು ಬಾರದು. ಅದು ಕಲಿಯಬಲ್ಲುದು. 1983ರಲ್ಲಿ ಇಸ್ರೇಲಿನ ಸಸ್ವೈನ್ ಮತ್ತು ಶ್ವಾರ್ಟ್ಸ್ ಎಂಬ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಕಡಲಕಳೆಯನ್ನು ಬಲೆಯ ತುಂಡಿನಲ್ಲಿ ಸುತ್ತಿ ಕೊಟ್ಟಾಗ ಪ್ರಾಣಿ ಅದನ್ನು ಬಾಯಿಗೆಳೆದುಕೊಂಡಿತು, ನುಂಗಲಾರದೆ ಹೊರದೂಡಿತು, ಮತ್ತೆ ಯತ್ನಿಸಿತು. ಕೊನೆಗೆ ಅದನ್ನು ಮುಟ್ಟುವುದನ್ನೇ ಬಿಟ್ಟಿತು. ಮರುದಿನವೂ ಆ ಪಾಠ ಅದಕ್ಕೆ ನೆನಪಿದ್ದಿತು. ಅನ್ನನಾಳದ ನರಗಳನ್ನು ಕತ್ತರಿಸಿದ ಪ್ರಾಣಿಗಳಿಗೆ ಮಾತ್ರ ಈ ಪಾಠ ಹತ್ತಲಿಲ್ಲ. ತುತ್ತು ಒಳಸೇರಿತೋ ಇಲ್ಲವೋ ಎಂಬ ವರದಿಯನ್ನು ತರುವವು ಆ ನರಗಳೇ ಎಂಬುದು ಇದರಿಂದ ತಿಳಿದುಬಂದಿತು.

ಈ ಸುಳಿವನ್ನೇ ಹಿಡಿದು ಹ್ಯೂಸ್ಟನ್ ನಗರದ ಜಾನ್ ಬರ್ನ್ ಮತ್ತು ಸಂಗಡಿಗರು 2002ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಆಹಾರವಿಲ್ಲದ ನೀರಿನಲ್ಲಿಯೂ ಕಡಲ ಮೊಲ ಆಗಾಗ ಸುಮ್ಮನೆ ಬಾಯಿ ಆಡಿಸುತ್ತದೆ. ಹಾಗೆ ಕಚ್ಚಿದಾಗಲೆಲ್ಲ ಅವರು ಅನ್ನನಾಳದ ನರಕ್ಕೆ ಮೃದುವಾಗಿ ವಿದ್ಯುತ್ತನ್ನು ಹಾಯಿಸಿದರು. ಅದು "ತುತ್ತು ಸಿಕ್ಕಿತು" ಎಂಬ ಸುಳ್ಳು ವರದಿಯೇ ಸರಿ. ಅದನ್ನು ನಂಬಿದ ಪ್ರಾಣಿ 24 ಗಂಟೆಗಳ ಬಳಿಕವೂ ಹೆಚ್ಚು ಹೆಚ್ಚಾಗಿ ಕಚ್ಚುತ್ತಿದ್ದಿತು. ಕಚ್ಚುವುದಕ್ಕೆ ಸಂಬಂಧವಿಲ್ಲದೆ ಅಷ್ಟೇ ವಿದ್ಯುತ್ತನ್ನು ಪಡೆದ ಪ್ರಾಣಿಗಳಲ್ಲಿ ಈ ಬದಲಾವಣೆ ಕಾಣಲಿಲ್ಲ.

ಪಾಠ ಅಚ್ಚಾದುದು ಎಲ್ಲಿ? ನುಂಗುವ ಚಲನೆಯಲ್ಲಿ ಮುಖ್ಯವಾಗಿ ಮಿಡಿಯುವ ಬಿ-51 ಎಂಬ ಕೋಶವನ್ನು ಪರೀಕ್ಷಿಸಿದಾಗ, ಅದು ಮೊದಲಿಗಿಂತ ಸುಲಭವಾಗಿ ಕೆರಳುತ್ತಿದ್ದುದು ಕಂಡುಬಂದಿತು. ಆ ಬಳಿಕ ಅದೇ ಬಗೆಯ ಕೋಶವನ್ನು ಒಂಟಿಯಾಗಿ ತಟ್ಟೆಯಲ್ಲಿ ಬೆಳೆಸಿ, ಅದು ಮಿಡಿದ ಕೂಡಲೆ ಡೋಪಮಿನ್ ಎಂಬ ರಾಸಾಯನಿಕವನ್ನು ಸೋಕಿಸಿದರು. ಒಂಟಿ ಕೋಶದಲ್ಲಿಯೂ ಅದೇ ಬದಲಾವಣೆ ತೋರಿತು. ನಮ್ಮ ಮೆದುಳಿನಲ್ಲಿ, ಫಲ ಕೊಟ್ಟ ಕೆಲಸವನ್ನು ಮತ್ತೆ ಮಾಡುವಂತೆ ಪ್ರೇರಿಸುವಲ್ಲಿಯೂ ಡೋಪಮಿನ್ನಿನ ಪಾತ್ರವಿದೆ.

ಒಂದೇ ಕೋಶವು ಇಡೀ ಅಭ್ಯಾಸವನ್ನು ಹೊತ್ತಿದೆಯೆಂದು ಇದರಿಂದ ತಿಳಿಯಬಾರದು. ನುಂಗುವುದು ಅನೇಕ ಕೋಶಗಳ ಕೂಡುಗೆಲಸ. ಆದರೆ ಅಭ್ಯಾಸವೆಂಬುದು ಗಾಳಿಯಲ್ಲಿ ತೇಲುವ ವಸ್ತುವಲ್ಲ, ಅದು ಜೀವಕೋಶದಲ್ಲಿ ಅಳೆಯಬಹುದಾದ ಗುರುತನ್ನು ಬಿಡುತ್ತದೆ ಎಂಬುದನ್ನು ಈ ಬಡ ಜೀವಿ ತೋರಿಸಿಕೊಟ್ಟಿದೆ. ಮುಂದಿನ ಸಲ ಅನ್ನದ ಕಲ್ಲನ್ನು ನಾಲಗೆಯಿಂದ ಹೊರದೂಡುವಾಗ ನಾವು ಕಡಲ ಮೊಲವನ್ನು ಒಮ್ಮೆ ನೆನೆಯಬಹುದು.