ಅಕ್ಷರ ಉಳಿಯಿತು, ಕೀಲಿಕೈ ಕಳೆಯಿತು

ಮೂರೂವರೆ ಇಂಚಿನ ಒಂದು ಕಪ್ಪು ಫ್ಲಾಪಿ. ಅದರ ಮೇಲಿನ ಚೀಟಿಯಲ್ಲಿ ನೀಲಿ ಶಾಯಿಯ ಬರಹ: ‘ಬೀಸುವ ಪದಗಳು, ಹುನಗುಂದ, 1999’. ಅದರಲ್ಲಿ ಹಿಡಿಸುವುದು 1.44 ಮೆಗಾಬೈಟ್ ಮಾತ್ರ. ಇಂದಿನ ಮೊಬೈಲಿನ ಒಂದು ಫೋಟೊಗೂ ಸಾಲದು. ಆದರೆ ನಮ್ಮ ಶಾಲೆಯ ಕನ್ನಡ ಮಾಸ್ತರರು ಹತ್ತು ವರ್ಷ ಹಳ್ಳಿಹಳ್ಳಿ ಸುತ್ತಿ, ಬೀಸುಕಲ್ಲಿನ ಮುಂದೆ ಕುಳಿತ ತಾಯಂದಿರ ಬಾಯಿಂದ ಬರೆದುಕೊಂಡ ಸುಮಾರು 200 ತ್ರಿಪದಿಗಳು ಅದರಲ್ಲಿದ್ದವು. ಬಾಗಲಕೋಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡಿಸಿದ್ದರು. ಹಣ ಹೊಂದದೆ ಪುಸ್ತಕ ಹೊರಬರಲಿಲ್ಲ. 2009ರ ಮಲಪ್ರಭೆಯ ನೆರೆಯಲ್ಲಿ ಕೈಬರಹದ ವಹಿಗಳು ಹಾಳಾದವು. ಮುಂದೆ ಮಾಸ್ತರರೂ ತೀರಿಕೊಂಡರು. ಉಳಿದದ್ದು ಈ ಫ್ಲಾಪಿ ಒಂದೇ.

2020ರ ಮಾರ್ಚ್‌ನಲ್ಲಿ, ಲಾಕ್‌ಡೌನಿಗೆ ಎರಡು ದಿನ ಮೊದಲು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಳಕಲ್ಲಿನ ಮನೆಗೆ ಬಂದ. ಅದು ನೇಕಾರರ ಮನೆ. ಪಡಸಾಲೆಯಲ್ಲಿ ತಂದೆಯ ಕುಣಿಮಗ್ಗ, ಅದರ ಪಕ್ಕದಲ್ಲೇ ಮಗನ ಲ್ಯಾಪ್‌ಟಾಪ್. ಒಂದು ಕಡೆ ಲಾಳಿಯ ಸದ್ದು, ಇನ್ನೊಂದು ಕಡೆ ಕಂಪನಿಯ ಮೀಟಿಂಗು!

ಕಾಲೇಜಿನಲ್ಲಿ ಅವನು ಸಿ ಭಾಷೆ ಕಲಿತದ್ದು ಡಾಸ್‌ನ ಕಪ್ಪು ಪರದೆಯ ಮೇಲೆ, ಚಪ್ಪಲಿಯನ್ನು ಹೊರಗೆ ಬಿಟ್ಟು ಪ್ರವೇಶಿಸುವ ಕೋಣೆಯಲ್ಲಿ. ಆಗ ಪ್ರೋಗ್ರಾಮುಗಳು ಫ್ಲಾಪಿಯಲ್ಲಿ ಓಡಾಡುತ್ತಿದ್ದವು. ಆಮೇಲೆ ಸಿ.ಡಿ., ಪೆನ್‌ಡ್ರೈವ್. 2005ರಲ್ಲಿ ಲೈನಸ್ ಟೊರ್ವಾಲ್ಡ್ಸ್ ರೂಪಿಸಿದ ‘ಗಿಟ್’ ಬಂದ ಮೇಲೆ, ಯಾರು ಯಾವ ಸಾಲನ್ನು ಯಾವಾಗ ತಿದ್ದಿದರೆಂಬ ಲೆಕ್ಕವೂ ಕಡತದ ಜೊತೆಗೇ ಉಳಿಯತೊಡಗಿತು. “ಅಪ್ಪನ ಮಗ್ಗ ಅದ ಐತ್ರಿ ಸರ. ನಾನು ಮಾತ್ರ ಐದ ವರ್ಷಕ್ಕೊಮ್ಮೆ ಕಲತದ್ದು ಮರತು ಮತ್ತ ಕಲೀಬೇಕ್ರಿ” ಎಂದು ನಕ್ಕ.

ಅವನ ಕೈಗೆ ಫ್ಲಾಪಿ ಕೊಟ್ಟೆ. ಅದನ್ನು ಓದುವ ಸಾಧನ ಯಾವ ಲ್ಯಾಪ್‌ಟಾಪಿನಲ್ಲೂ ಇಲ್ಲ. ಓಡಾಟ ತೆರೆದ ಮೇಲೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಹಳೆಯ ಡ್ರೈವ್ ತರಿಸಿದ. ಕಡತ ತೆರೆಯಿತು. ಆದರೆ ಪರದೆಯ ತುಂಬ ಕೊಂಬು, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು! “ಅಕ್ಷರ ಎಲ್ಲಾ ಅದಾವ್ರಿ ಸರ, ಕೀಲಿಕೈ ಕಳದೈತ್ರಿ” ಎಂದ.

ಅಂಕಿಯ ಆಟ

ಕಂಪ್ಯೂಟರಿಗೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಇಂಗ್ಲಿಷಿನ ದೊಡ್ಡ ‘ಎ’ ಎಂದರೆ ಅದಕ್ಕೆ 65. ಆ ಕಾಲದಲ್ಲಿ ಕನ್ನಡಕ್ಕೆ ರೂಢಿಯಲ್ಲಿ ಸ್ವಂತ ಸ್ಥಾನವಿರಲಿಲ್ಲ. ಇಂಗ್ಲಿಷ್ ಹಾಗೂ ಯುರೋಪಿನ ಭಾಷೆಗಳ ಅಂಕಿಗಳ ಜಾಗದಲ್ಲೇ ಕನ್ನಡದ ತಲೆಕಟ್ಟು, ಗುಣಿಸು, ಒತ್ತುಗಳ ತುಣುಕುಗಳನ್ನು ಕೂರಿಸುತ್ತಿದ್ದರು. ಒಂದೊಂದು ತಂತ್ರಾಂಶದ ಕೋಷ್ಟಕ ಒಂದೊಂದು ಬಗೆ. ಆ ಫಾಂಟು ಇಲ್ಲವಾದರೆ ಬರಹ ಬರೀ ಗೊಂದಲ. ಕಚೇರಿಯಲ್ಲಿ ಬರೆದದ್ದು ಮನೆಯ ಕಂಪ್ಯೂಟರಿನಲ್ಲಿ ತೆರೆಯದೆ ಪೇಚಾಡಿದವರು ಎಷ್ಟು ಮಂದಿ!

ಇದರ ನಡುವೆಯೇ ಕನ್ನಡಕ್ಕಾಗಿ ದುಡಿದವರನ್ನು ನೆನೆಯಬೇಕು. ಕೆ.ಪಿ. ರಾವ್ ಅವರು ಉಚ್ಚಾರಕ್ಕೆ ಹೊಂದುವ ಸರಳ ಕೀಲಿಮಣೆ ಕೊಟ್ಟರು. ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ರೂಪಿಸಿತು. ಜಗತ್ತಿನ ಲಿಪಿಗಳಿಗೆಲ್ಲ ಬೇರೆಬೇರೆ ಅಂಕಿ ಕೊಡುವ ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. ಅಲ್ಲಿ ‘ಕ’ ಎಂದರೆ ಎಲ್ಲಿ ಹೋದರೂ 3221. ಆದರೆ ಅದು ಜನಬಳಕೆಗೆ ಬರಲು ವರ್ಷಗಳೇ ಹಿಡಿದವು.

‘ಬರಹ’, ‘ನುಡಿ’ಗಳ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇಂದು ದೊರೆಯುತ್ತವೆ. ನಮ್ಮ ಕಡತ ಅವೆರಡರದೂ ಅಲ್ಲ. ಪುಣ್ಯಕ್ಕೆ ಶಾಲೆಯ ಹಳೆಯ ವಾರ್ಷಿಕ ಸಂಚಿಕೆಯಲ್ಲಿ ಮಾಸ್ತರರ 12 ಪದಗಳು ಅಚ್ಚಾಗಿದ್ದವು. ಅಚ್ಚಾದ ಸಾಲನ್ನೂ ಕಡತದ ಅಂಕಿಗಳನ್ನೂ ಎದುರುಬದುರು ಇಟ್ಟು ಹುಡುಗ ರಾತ್ರಿಗಳಲ್ಲಿ ಕೋಷ್ಟಕ ಕಟ್ಟಿದ. ‘ರೊಟ್ಟಿ’ ಎಂಬ ಪದವನ್ನೇ ನೋಡಿ. ಹಳೆಯ ಫಾಂಟು ಕಣ್ಣಿಗೆ ಕಂಡಂತೆ ಮೊದಲು ‘ಟಿ’ ಇಟ್ಟು, ಆಮೇಲೆ ಒತ್ತು ಇಡುತ್ತದೆ. ಯೂನಿಕೋಡ್ ನುಡಿಯುವ ಕ್ರಮದಲ್ಲಿ ವ್ಯಂಜನಗಳೆರಡನ್ನೂ ಇಟ್ಟು, ಕೊನೆಗೆ ಗುಡಿಸು ಇಡುತ್ತದೆ. ‘ಸೂರ್ಯ’ದ ಅರ್ಕಾವತ್ತಿನದೂ ಇದೇ ತಕರಾರು. ಎಲ್ಲವನ್ನೂ ಹಿಂದುಮುಂದು ಮಾಡುವ ಪ್ರೋಗ್ರಾಮು ಬರೆಯಲು ಮೂರು ವಾರ ಬೇಕಾಯಿತು.

ಬಾದಾಮಿಯ ಪಾಠ

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ.ಶ. 700ರದು. ಅದರಲ್ಲಿಯೂ ಇರುವುದು ತ್ರಿಪದಿಯೇ. ಬಂಡೆ ಉಳಿಯಿತು, ನಿಜ. ಆದರೆ ಆ ಲಿಪಿಯನ್ನು ಇಂದು ನಾವು ನೀವು ನೇರವಾಗಿ ಓದಲಾರೆವು; ಹಳೆಯ ಲಿಪಿ ಬಲ್ಲ ವಿದ್ವಾಂಸರು ಓದಿ ಹೇಳಿದ್ದರಿಂದ ತಿಳಿಯಿತು. ಬರಹದ ಜೊತೆಗೆ ಓದುವ ವಿದ್ಯೆಯೂ ಉಳಿಯಬೇಕು. ನಿಮ್ಮ ಮನೆಯಲ್ಲಿ ಹಳೆಯ ಫ್ಲಾಪಿ, ಸಿ.ಡಿ. ಇದ್ದರೆ ಇಂದೇ ತೆರೆಸಿ ನೋಡಿ. ಯೂನಿಕೋಡಿಗೆ ಬದಲಿಸಿ ಎರಡು ಕಡೆ ಇಡಿ. ಒಂದು ಪ್ರತಿಯನ್ನು ಕಾಗದದ ಮೇಲೂ ತೆಗೆಸಿ.

ಫ್ಲಾಪಿಯ ಒಂದು ಭಾಗ ಕೆಟ್ಟಿದ್ದರಿಂದ 11 ಪದಗಳು ಸಿಗಲಿಲ್ಲ. ಪರಿವಿಡಿಯಲ್ಲಿ ಅವುಗಳ ಮೊದಲ ಸಾಲು ಮಾತ್ರ ಇತ್ತು. ಆ ಸಾಲುಗಳನ್ನು ಹಿಡಿದು ಹುನಗುಂದದ ಹತ್ತಿರದ ಹಳ್ಳಿಗೆ ಹೋದೆವು. ಅಲ್ಲಿಯ ಮುದುಕಿಯೊಬ್ಬರು ಹುಡುಗ ಓದಿದ್ದನ್ನು ಕೇಳಿ, “ಹಂಗಲ್ಲೊ ತಮ್ಮಾ” ಎಂದು ಎರಡು ಕಡೆ ತಿದ್ದಿದರು. ಬಳಿಕ ಕಣ್ಣು ಮುಚ್ಚಿ ಮೂರು ಪದ ಪೂರ್ತಿ ಹಾಡಿದರು. ಉಳಿದ ಎಂಟನ್ನು ಬಲ್ಲವರಿಗಾಗಿ ನಾವು ಇನ್ನೂ ಹಳ್ಳಿ ತಿರುಗುತ್ತಿದ್ದೇವೆ.