ವ್ಯಸನ ಬಿಟ್ಟರೂ ಸೆಳೆತ ಬಿಡದು: ಇಲಿಗಳಿಂದ ತಿಳಿದುಬಂದ ಸಂಗತಿ

ಮಾದಕ ದ್ರವ್ಯ ಬಿಟ್ಟು ಒಂದೆರಡು ವಾರ ಕಳೆದರೆ ಕಂಟಕ ದೂರವಾಯಿತೆಂದು ಮನೆಯವರು ನೆಮ್ಮದಿಪಡುವುದು ಸಹಜ. ಆದರೆ ಪ್ರಯೋಗಾಲಯದ ಇಲಿಗಳ ಮೇಲೆ ನಡೆದ ಅಧ್ಯಯನಗಳು ಬೇರೆಯೇ ಸಂಗತಿಯನ್ನು ತಿಳಿಸುತ್ತವೆ.

ಇಂತಹ ಪ್ರಯೋಗದಲ್ಲಿ ಇಲಿಯ ರಕ್ತನಾಳಕ್ಕೆ ಸಣ್ಣ ಕೊಳವೆ ಜೋಡಿಸಲಾಗುತ್ತದೆ. ಇಲಿ ಲಿವರ್ ಒತ್ತಿದರೆ ಕೊಕೇನ್ ದೇಹ ಸೇರುತ್ತದೆ; ಜೊತೆಗೆ ಬೆಳಕು ಅಥವಾ ಶಬ್ದದ ಸೂಚನೆ ಸಿಗುತ್ತದೆ. 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೀಗೆ ಚಟಕ್ಕೆ ಬಿದ್ದ ಇಲಿಗಳಿಗೆ ಕೊಕೇನ್ ನಿಲ್ಲಿಸಿ, ಬೇರೆ ಬೇರೆ ಅವಧಿಯ ಬಳಿಕ ಹಳೆಯ ಸೂಚನೆಯನ್ನು ಮಾತ್ರ ನೀಡಲಾಯಿತು. ಒಂದು ದಿನ ದೂರವಿದ್ದ ಇಲಿಗಳಿಗಿಂತ 60 ದಿನ ದೂರವಿದ್ದ ಇಲಿಗಳೇ ಹೆಚ್ಚು ಬಾರಿ ಲಿವರ್ ಒತ್ತಿದವು. ಮೊಟ್ಟೆ ಕಾವು ಪಡೆಯುವಂತೆ, ಸೆಳೆತವೂ ಒಳಗೊಳಗೇ ಬಲಿಯುತ್ತದೆ ಎಂದು ವಿಜ್ಞಾನಿಗಳು ಇದನ್ನು ವಿವರಿಸುತ್ತಾರೆ.

ಇಲಿಯ ಮಾತು ಮನುಷ್ಯನಿಗೆ ಅನ್ವಯಿಸುವುದೇ? 2016ರಲ್ಲಿ ಕೊಕೇನ್ ವ್ಯಸನಿಗಳಿಗೆ ಮಾದಕ ದ್ರವ್ಯಕ್ಕೆ ಸಂಬಂಧಿಸಿದ ಚಿತ್ರಗಳನ್ನು ತೋರಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯಲಾಯಿತು. ಬಿಟ್ಟು ಎರಡು ದಿನವಾದವರಿಗಿಂತ ಒಂದು ತಿಂಗಳು ಮತ್ತು ಆರು ತಿಂಗಳಾದವರಲ್ಲಿ ಪ್ರತಿಕ್ರಿಯೆ ಹೆಚ್ಚಿತ್ತು. ಆದರೆ ಅವರ ಬಾಯಿಮಾತಿನಲ್ಲಿ ಆಸೆ ಕಡಿಮೆಯಾಗುತ್ತಾ ಹೋಗಿತ್ತು. 'ನನಗೀಗ ಬೇಕೆನಿಸುವುದಿಲ್ಲ' ಎಂಬ ಮಾತು ಸುಳ್ಳಲ್ಲದಿದ್ದರೂ ಅಪಾಯ ಉಳಿದಿರಬಹುದು.

ಇದಕ್ಕೆ ಪರಿಹಾರದ ಸುಳಿವೂ ಇಲಿಗಳಿಂದಲೇ ಸಿಕ್ಕಿದೆ. 1970ರ ದಶಕದ ಕೊನೆಯಲ್ಲಿ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ರೂಸ್ ಅಲೆಗ್ಸಾಂಡರ್ 'ರ‍್ಯಾಟ್ ಪಾರ್ಕ್' ಪ್ರಯೋಗ ನಡೆಸಿದರು. ವಿಶಾಲ ಜಾಗದಲ್ಲಿ ಒಟ್ಟಾಗಿ ಬದುಕಿದ ಇಲಿಗಳು ಒಂಟಿ ಪಂಜರದ ಇಲಿಗಳಿಗಿಂತ ಕಡಿಮೆ ಮಾರ್ಫಿನ್ ನೀರು ಕುಡಿದವು. ಅದನ್ನು ಪುನಃ ನಡೆಸಿದಾಗ ಎಲ್ಲ ಕಡೆ ಅದೇ ಫಲಿತಾಂಶ ಬರಲಿಲ್ಲ. ಆದರೆ 2018ರಲ್ಲಿ ಅಮೆರಿಕದ ಸಂಶೋಧಕರು ಹೆರಾಯಿನ್ ಇಲ್ಲವೇ ಮೆಥಾಂಫೆಟಮೈನ್ ಒಂದು ಕಡೆ, ಜೊತೆಗಾರ ಇಲಿ ಇನ್ನೊಂದು ಕಡೆ ಇಟ್ಟಾಗ, ಚಟ ಹತ್ತಿದ್ದ ಇಲಿಗಳೂ ಜೊತೆಗಾರನನ್ನೇ ಆರಿಸಿದವು. ಜೊತೆಗಾರ ಸಿಗುವುದು ತಡವಾದಾಗ ಹಲವು ಇಲಿಗಳು ಮತ್ತೆ ಮಾದಕ ದ್ರವ್ಯದತ್ತ ವಾಲಿದವು.

ಇಲಿಯೇ ಮನುಷ್ಯನಲ್ಲ, ನಿಜ. ಆದರೂ ವ್ಯಸನಮುಕ್ತಿ ಕೇಂದ್ರದಿಂದ ಮನೆಗೆ ಮರಳಿದ ನಂತರದ ತಿಂಗಳುಗಳೇ ಹೆಚ್ಚು ನಾಜೂಕಿನವು ಎಂಬುದನ್ನು ಮರೆಯಬಾರದು. ಹಳೆಯ ಜಾಗ, ಹಳೆಯ ಸಹವಾಸ ತಪ್ಪಿಸುವುದು, ವೈದ್ಯರ ಮತ್ತು ಆಪ್ತಸಮಾಲೋಚಕರ ಭೇಟಿ ಮುಂದುವರಿಸುವುದು ಅಗತ್ಯ. ಅದಕ್ಕಿಂತಲೂ ಮುಖ್ಯವಾಗಿ, ಆ ವ್ಯಕ್ತಿಯನ್ನು ಮನೆಯ ಮೂಲೆಯಲ್ಲಿ ಒಂಟಿಯಾಗಿ ಬಿಡದಿರೋಣ.