ಬಿಡುವಾದಾಗ ತಾನೇ ನಿಲ್ಲುವ ಯಂತ್ರ

ಬಾಬಾಬುಡನ್ ಗಿರಿಶ್ರೇಣಿಯ ಅತ್ತಿಗುಂಡಿಯ ಸುತ್ತಣ ನಾಡು ಕಾಫಿತೋಟಗಳ ನಾಡು. ಇಂತಹ ತೋಟಗಳಲ್ಲಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರವುಂಟು. ಹಣ್ಣು ಮುಗಿಯಿತೆಂದು ತೋರಿದಾಗ ಆಳು ಯಂತ್ರದ ಬಾಯೊಳಗೆ ಇಣುಕಿ ನೋಡಿ, ಅನಂತರ ಅದನ್ನು ನಿಲ್ಲಿಸುತ್ತಾನೆ. ಆದರೆ ಹಲವರಿಗೆ ಏಕಕಾಲದಲ್ಲಿ ಸೇವೆ ಸಲ್ಲಿಸುವ ‘ಸರ್ವರ್’ ಎಂಬ ಗಣಕಯಂತ್ರವನ್ನು ನಾವು ಹಗಲಿರುಳು ಓಡಲು ಬಿಡುತ್ತೇವೆ.

ದಕ್ಷವಾದ ಸರ್ವರ್ ಸಹ ಸುಮ್ಮನಿರುವಾಗ ಪೂರ್ಣ ದುಡಿಮೆಯ ಸುಮಾರು ಅರ್ಧದಷ್ಟು ವಿದ್ಯುತ್ತನ್ನು ಬಳಸುವುದೆಂದು ಬರೋಸೋ ಮತ್ತು ಹೋಲ್ಜ್ಲೆ ಎಂಬ ಎಂಜಿನಿಯರರು 2007ರಲ್ಲಿ ಬರೆದರು. 100 ವ್ಯಾಟ್ ಬಳಸುತ್ತ ಪ್ರತಿರಾತ್ರಿ 10 ಗಂಟೆ ಸುಮ್ಮನಿದ್ದರೆ ವರ್ಷಕ್ಕೆ 365 ಯೂನಿಟ್ ವ್ಯರ್ಥ!

ಇದಕ್ಕೆ ಪರಿಹಾರವೆಂದರೆ ‘ಸ್ಕ್ರಿಪ್ಟ್’, ಅಂದರೆ ಕೆಲವೇ ಪಂಕ್ತಿಗಳ ಆಜ್ಞಾಪಟ್ಟಿ. ಐದೈದು ನಿಮಿಷಕ್ಕೊಮ್ಮೆ ಅದು ಪ್ರಶ್ನಿಸುವಂತೆ ನಾವು ಬರೆಯಬಹುದು: ಯಾರಾದರೂ ಬಳಸುತ್ತಿರುವರೆ? ಲೆಕ್ಕ ನಡೆದಿದೆಯೆ? ಕಡತಗಳು ಸಾಗುತ್ತಿವೆಯೆ? ಆರು ಬಾರಿ ಎಡೆಬಿಡದೆ ಎಲ್ಲಕ್ಕೂ ‘ಇಲ್ಲ’ ಎಂದಾದರೆ ಯಂತ್ರ ನಿಲ್ಲುತ್ತದೆ. ನಡುವೆ ಒಂದು ‘ಹೌದು’ ಬಂದರೆ ಎಣಿಕೆ ಮತ್ತೆ ಮೊದಲಿನಿಂದ.

ಮೊದಲ ಪ್ರಶ್ನೆಯೊಂದೇ ಸಾಲದೆ? ಸಾಲದು. ವಿದ್ಯಾರ್ಥಿಯು ಮನೆಗೆ ಹೋಗಿ ಮಲಗಿದ್ದರೂ ಅವನು ಒಪ್ಪಿಸಿಹೋದ ಲೆಕ್ಕ ಬೆಳಗಿನವರೆಗೆ ನಡೆಯುತ್ತಿರಬಹುದು. ಆಗ ಯಂತ್ರ ನಿಂತರೆ ಇಡೀ ರಾತ್ರಿಯ ದುಡಿಮೆ ಮಣ್ಣುಪಾಲು.

ನಿಂತುದನ್ನು ಎಬ್ಬಿಸುವ ಉಪಾಯವೂ ಉಂಟು. ಸಜ್ಜುಗೊಳಿಸಿದ ಸರ್ವರಿನಲ್ಲಿ ಜಾಲಕ್ಕೆ ಅಂಟಿದ ಸಣ್ಣ ಭಾಗವೊಂದು ಎಚ್ಚರವಾಗಿದ್ದು, ತನ್ನ ವಿಳಾಸವನ್ನು 16 ಬಾರಿ ಕರೆದ ಸಂದೇಶ ಬಂದೊಡನೆ ಯಂತ್ರವನ್ನು ಚಾಲನೆಗೊಳಿಸುತ್ತದೆ.

ನಿಲ್ಲಿಸುವುದು ಸುಲಭ, ನಿಲ್ಲಿಸುವ ಮುನ್ನ ತೋಟದ ಆಳಿನಂತೆ ಇಣುಕಿ ನೋಡುವುದನ್ನು ನಾವು ಯಂತ್ರಕ್ಕೆ ಕಲಿಸಬೇಕು.